ಹದಿನಾಲ್ಕರ ನಟ್ಟು

9 ಜನವರಿ 2024, ಮಂಗಳವಾರ

ತೀರ್ಥಹಳ್ಳಿ ಬಿಟ್ಟಿದ್ದು 6:40. ಯಡೂರು 7:35. ಹುಲಿಕಲ್ 8:05, ಅಲ್ಲಿ ಚಾ. ಕುಂದಾಪುರ 10:10.

ಗಾಡಿ — ಹಿಂದಿನ ಎಡಗಡೆ ಬ್ರೇಕ್ ಲೈನರ್ ಕಿರ್ ಅನ್ನುತ್ತಿದೆ. ಜಾಗ: ಘಟ್ಟ ಇಳಿಯುವಾಗ. ಹತ್ತುವಾಗ ಇಲ್ಲ. ಮೆಕ್ಯಾನಿಕ್ಕಿಗೆ ಹೇಳಿದೆ. ಕೇಳಿಸಿಕೊಂಡ. ಮಾಡುತ್ತಾನೋ ಇಲ್ಲವೋ.

ಡ್ರೈವರ್ — ಎಡ ಹುಬ್ಬಿನ ಮೇಲೆ ನೋವು. ಜಾಗ: ಅಮ್ಮನ ಗುಡಿ ದಾಟಿ ಎರಡನೇ ಹೇರ್‌ಪಿನ್. ಬೆರಳಿಟ್ಟು ತೋರಿಸಬಹುದು, ಅಷ್ಟೇ ಅಗಲ. ಕೆಳಗೆ ಹೊಸಂಗಡಿ ದಾಟಿ ಅರ್ಧ ಗಂಟೆಗೆ ಕಮ್ಮಿ. ಸಂಜೆ ಹತ್ತುವಾಗ ಇಲ್ಲ.

ಇದು ನಲವತ್ತೊಂದನೇ ಬುಕ್ಕು. ಬಸ್ಸಿನ ಹಳೇ ಓನರ್ ದೊಡ್ಡ ಸಾವ್ಕಾರ್ರು ಕಲಿಸಿದ ಚಾಳಿ. ಹೊತ್ತು ಬರೆ, ಜಾಗ ಬರೆ, ಕಂಪ್ಲೇಂಟ್ ಬರೆ. ಐದನೇ ಕ್ಲಾಸಿಗೆ ಸ್ಕೂಲು ಬಿಟ್ಟವನಿಗೆ ನಾಲ್ಕು ಅಕ್ಷರ ಉಳಿದಿದ್ದರೆ ಈ ಬುಕ್ಕಿನಿಂದ. ಡ್ರೈವರೂ ಗಾಡಿಯ ಒಂದು ಪಾರ್ಟೇ ಎನ್ನುತ್ತಿದ್ದರು. ಅದಕ್ಕೇ ನನ್ನದನ್ನೂ ಇದರಲ್ಲೇ ಬರೆಯುವುದು. ನವರಾತ್ರಿಯಿಂದ ಬರೆಯುತ್ತಿದ್ದೇನೆ. ಗಾಡಿಯದು ರಿಪೇರಿ ಆಗುತ್ತದೆ, ನನ್ನದು ಆಗುತ್ತಿಲ್ಲ.

12 ಜನವರಿ, ಶುಕ್ರವಾರ

ಗುಡಿ ಹತ್ತಿರ ನಿಲ್ಲಿಸಿದೆ. ಕಂಡಕ್ಟರ್ ಹೂವಯ್ಯ ಎಂದಿನ ಹಾಗೆ ಇಳಿದು ಹೋಗಿ ಕೈ ಮುಗಿದು ಕುಂಕುಮ ತಂದ. ಮೊದಲು ಸ್ಟೇರಿಂಗಿಗೆ, ಆಮೇಲೆ ನನ್ನ ಹಣೆಗೆ. ಘಟ್ಟ ಇಳಿಯುವ ಗಾಡಿಗಳೆಲ್ಲ ಹೀಗೇ. ಇವತ್ತು ಅವನ ಹೆಬ್ಬೆರಳು ಸ್ವಲ್ಪ ಎಡಕ್ಕೆ ಒತ್ತಿತು. ಕಣ್ಣು ಕತ್ತಲೆ ಬಂತು. ಕೈ ತಳ್ಳಿಬಿಟ್ಟೆ. ಕುಂಕುಮ ಎಲ್ಲ ಅವನ ಖಾಕಿ ಮೇಲೆ.

"ಅಮ್ಮನ ಕುಂಕುಮ ಚೆಲ್ಲಿದ್ರಲ್ಲ ಶೇಷಪ್ಪಣ್ಣ" ಎಂದ. ಮುಖ ಸಣ್ಣದಾಗಿತ್ತು.

"ಹಚ್ಚು ಅಂದ್ರೆ ಮೊಳೆ ಹೊಡಿತೀಯಲ್ಲ ಮಾರಾಯ."

ಸಿದ್ದಾಪುರದ ತನಕ ಟಿಕೆಟ್ ಮಾತ್ರ ಹರಿದ. ಎರಡನೇ ಹೇರ್‌ಪಿನ್ನಿನಲ್ಲಿ ನೋವು. ಹತ್ತುವಾಗ ಇಲ್ಲ.

18 ಜನವರಿ, ಗುರುವಾರ

ಬರೆಯಬೇಕು. ಇದ್ದದ್ದು ಇದ್ದ ಹಾಗೆ.

ಎರಡು ದಿನದಿಂದ ಶೀತ. ಮೂಗು ಕಟ್ಟಿತ್ತು. ಗುಡಿ ದಾಟಿ ಮೊದಲನೇ ತಿರುವಿಗೇ ಶುರುವಾಯಿತು. ಎರಡನೆಯದಕ್ಕೆ ಬರುವಾಗ ಹುಬ್ಬಿನೊಳಗೆ ಕಾದ ಸಲಾಕೆ ತಿರುವಿದ ಹಾಗೆ. ಎಡಗಣ್ಣಿನಲ್ಲಿ ನೀರು. ಎದುರಿಗೆ ಹತ್ತಿ ಬರುತ್ತಿದ್ದ ಲಾರಿ ಎರಡು ಕಂಡಿತು.

ನಿಲ್ಲಿಸಿದೆ. ಹೂವಯ್ಯ ಚಕ್ರಕ್ಕೆ ಕಲ್ಲು ಕೊಟ್ಟ. ನಾನು ತಲೆ ಹಿಡಿದು ಸ್ಟೇರಿಂಗ್ ಮೇಲೆ... ಹದಿನೆಂಟು ನಿಮಿಷ. ಗಾಡಿಯಲ್ಲಿ ಐವತ್ತೆರಡು ಜನ. ಒಂದು ಹೆಂಗಸು ನೀರು ಕೊಟ್ಟಳು. ಹಿಂದಿನ ಸೀಟಿನಿಂದ ಯಾವನೋ, ಮುದುಕನಿಗೆ ಘಟ್ಟ ಕಂಡು ಹೆದರಿಕೆ ಶುರುವಾಗಿದೆ ಎಂದ. ಎರಡು ಮೂರು ಜನ ನಕ್ಕರು. ಎದ್ದು ಹೋಗಿ ಒಂದು ಬಿಡುವಷ್ಟು ಸಿಟ್ಟು ಬಂತು. ಏಳಲು ಆಗಲಿಲ್ಲ.

ಕಣ್ಣು ಸರಿಯಾಗಿ, ಎದುರಿನ ಮರ ಒಂದೇ ಮರವಾಗಿ ಕಂಡ ಮೇಲೆ ಹೊರಟೆ.

ನಿಲ್ಲಿಸಿದ್ದು ಸರಿ. ಇನ್ನೊಮ್ಮೆ ಆದರೆ ಇನ್ನೊಮ್ಮೆ ನಿಲ್ಲಿಸುತ್ತೇನೆ.

19 ಜನವರಿ, ಶುಕ್ರವಾರ

ರವೀಶ ಆಫೀಸಿಗೆ ಕರೆದ. ದೊಡ್ಡ ಸಾವ್ಕಾರ್ರ ಮಗ. ಬಾನೆಟ್ ಮೇಲೆ ಕೂತು ಹಾರ್ನ್ ಹೊಡೆದು ನನ್ನ ಹತ್ತಿರ ಬೈಸಿಕೊಂಡವನು, ಈಗ ಓನರ್.

ಸುತ್ತು ಬಳಸಿ ಮಾತಾಡಿದ. ಕೊನೆಗೆ ವಿಷಯಕ್ಕೆ ಬಂದ. ಇನ್ನು ಮೇಲೆ ನನಗೆ ಸಾಗರ ಲೈನಂತೆ. ರೋಡು ಸಮ, ಮೈಗೆ ಆರಾಮವಂತೆ. ನನಗೆ ಆರಾಮ ಬೇಕು ಅಂತ ಯಾರು ಹೇಳಿದ್ದು ಎಂದು ಕೇಳಿದೆ.

"ಜನ ಮಾತಾಡ್ತಿದಾರೆ ಶೇಷಪ್ಪಣ್ಣ. ಘಟ್ಟ ಬಂದ್ರೆ ನಿಮ್ಮ ಕೈ ನಡುಗ್ತದಂತೆ. ಹೆದರಿದ ಡ್ರೈವರನ್ನ ನಾನು ಆ ರೋಡಿಗೆ ಹೆಂಗೆ ಕಳಿಸ್ಲಿ?"

ಎರಡೂ ಕೈ ಚಾಚಿ ಅವನ ಟೇಬಲ್ ಮೇಲೆ ಹಿಡಿದೆ. ನಡುಗಲಿಲ್ಲ. ಅವನು ನೋಡಲಿಲ್ಲ. ಮೊಬೈಲ್ ನೋಡುತ್ತಿದ್ದ.

ನೋವು ಎಂದು ಹೇಳಿದೆ. ಯಾವ ಡಾಕ್ಟರ್ ಹೇಳಿದ್ದು ಎಂದು ಕೇಳಿದ. ಯಾವ ಡಾಕ್ಟರೂ ಹೇಳಿಲ್ಲ. ಬಿ.ಪಿ. ನೋಡಿ ಆಯಿತು, ಸರಿ ಇದೆ. ಕನ್ನಡಕ ಬದಲಿಸಿ ಆಯಿತು. ತಲೆನೋವಿನ ಗುಳಿಗೆ ಮೂರು ತರದ್ದು ನುಂಗಿ ಆಯಿತು.

ಮೂವತ್ತೊಂದು ವರ್ಷ ಆ ಘಟ್ಟ. ಒಂದು ಕನ್ನಡಿ ಒಡೆದಿಲ್ಲ. ಆ ಗಾಡಿಯ ಕೀ ಟೇಬಲ್ ಮೇಲಿಟ್ಟು ಬಂದೆ.

4 ಫೆಬ್ರವರಿ, ಭಾನುವಾರ

ಹದಿನೈದು ದಿನ ಬರೆಯಲಿಲ್ಲ. ಬರೆಯುವುದೆಂತದ್ದು? ತೀರ್ಥಹಳ್ಳಿ, ಹೊಸನಗರ, ಸಾಗರ. ಸಾಗರ, ಹೊಸನಗರ, ತೀರ್ಥಹಳ್ಳಿ. ಕಾಲೇಜು ಮಕ್ಕಳು, ಮದುವೆಗೆ ಹೋಗುವವರು.

ತಲೆನೋವಿಲ್ಲ. ಸಿಟ್ಟು ಅದಕ್ಕೇ. ಬಂದಿದ್ದರೆ ಊರಿಗೆಲ್ಲ ತೋರಿಸಬಹುದಿತ್ತು, ನೋಡಿ ಸಮ ರೋಡಿನಲ್ಲೂ ಬರುತ್ತದೆ, ಹೆದರಿಕೆ ಅಲ್ಲ ಅಂತ. ಟೈರ್ ನೋಡಲು ಬಗ್ಗಿದರೆ ಮಾತ್ರ ಅದೇ ಜಾಗದಲ್ಲಿ ಚುಳ್ ಎನ್ನುತ್ತದೆ. ಅಷ್ಟೆ.

ತೀರ್ಥಹಳ್ಳಿ ಸ್ಟ್ಯಾಂಡಿನಲ್ಲಿ ಬೇರೆ ಬಸ್ಸಿನ ಡ್ರೈವರೊಬ್ಬ ಎಲ್ಲರಿಗೂ ಕೇಳುವ ಹಾಗೆ ಹೇಳಿದ, "ಸಾಗರದ ಹತ್ರ ಸ್ಪೀಡ್ ಬ್ರೇಕರ್ ಜಾಸ್ತಿ ಶೇಷಪ್ಪಣ್ಣ. ಇಳಿವಾಗ ಹುಷಾರು."

ಮನೆಗೆ ಬಂದು ಊಟ ಮಾಡಲಿಲ್ಲ.

13 ಫೆಬ್ರವರಿ, ಮಂಗಳವಾರ

ಸರೋಜಳ ಹತ್ತಿರ ಇವತ್ತೂ ಜಗಳ. ಮದುವೆಯಾಗಿ ಮೂವತ್ತೆಂಟು ವರ್ಷ, ಇವಳಿಗೆ ನನ್ನ ತಲೆಗಿಂತ ನನ್ನ ತಪ್ಪು ಚೆನ್ನಾಗಿ ನೆನಪು.

ನವರಾತ್ರಿಯಲ್ಲಿ ಒಂದು ದಿನ ಗುಡಿ ಹತ್ತಿರ ನಿಲ್ಲಿಸಲಿಲ್ಲ. ಹಿಂದೆ ಆಂಬುಲೆನ್ಸ್ ಕೂಗುತ್ತಿತ್ತು, ದಾರಿ ಕೊಡಲು ಮುಂದೆ ಹೋದೆ. ಅದೇ ವಾರ ನೋವು ಶುರು. ಅದೂ ಗುಡಿ ದಾಟಿದ ಮೇಲೆ. ಇವಳೂ ಹೂವಯ್ಯನೂ ಫೋನಿನಲ್ಲೇ ಕೋರ್ಟು ನಡೆಸಿ ತೀರ್ಪು ಕೊಟ್ಟಿದ್ದಾರೆ, ಅಮ್ಮನಿಗೆ ಕೋಪ ಬಂದಿದೆ ಅಂತ. ಇವಳು ಮುಡಿಪು ಕಟ್ಟಿಟ್ಟಿದ್ದಾಳೆ. ಆಂಬುಲೆನ್ಸಿಗೆ ದಾರಿ ಬಿಟ್ಟವನ ಮೇಲೆ ಕೋಪ ಮಾಡಿಕೊಳ್ಳುವ ದೇವರು ಯಾವುದು ಎಂದು ಕೂಗಾಡಿದೆ.

ಯಾರಿಗೂ ಹೇಳಿಲ್ಲ, ಇಲ್ಲಿ ಬರೆಯುತ್ತೇನೆ. ಮೊನ್ನೆ ಭಾನುವಾರ ಒಬ್ಬನೇ ಹೋಗಿದ್ದೆ. ಬೇರೆ ಕಂಪನಿ ಬಸ್ಸು, ಟಿಕೆಟ್ ತೆಗೆದು. ಗುಡಿ ಹತ್ತಿರ ಇಳಿದು ಕಾಯಿ ಒಡೆಸಿದೆ. ತಪ್ಪಾಗಿದ್ದರೆ ತಪ್ಪಾಯಿತು ತಾಯಿ ಎಂದೆ. ಇನ್ನೊಂದು ಬಸ್ಸು ಹತ್ತಿ ಕೆಳಗೆ ಇಳಿದೆ. ಕಿಟಕಿ ಪಕ್ಕದ ಸೀಟು. ಸ್ಟೇರಿಂಗ್ ನನ್ನ ಕೈಲಿಲ್ಲ, ಹೆದರಲು ಏನೂ ಇಲ್ಲ.

ಎರಡನೇ ಹೇರ್‌ಪಿನ್. ಬಂತು. ಬೆರಳಿಡುವ ಅದೇ ಜಾಗ.

ಅಂದರೆ ಅಮ್ಮ ಅಲ್ಲ. ಹೆದರಿಕೆಯೂ ಅಲ್ಲ. ಒಳ್ಳೆ ಮೆಕ್ಯಾನಿಕ್ ಹೀಗೇ ಮಾಡುವುದು, ಮೊದಲು ಯಾವುದು ಅಲ್ಲ ಎಂದು ನೋಡುವುದು. ಎರಡು ಕಳೆಯಿತು. ಏನೋ ಗಟ್ಟಿ ಸಾಮಾನು ಒಳಗಿದೆ.

20 ಫೆಬ್ರವರಿ, ಮಂಗಳವಾರ. ಸಾಗರ ಸ್ಟ್ಯಾಂಡ್, ಮಧ್ಯಾಹ್ನ 1:20

ಇಲ್ಲಿ ಒಂದೂಕಾಲು ಗಂಟೆ ಹಾಲ್ಟ್. ಊಟ ಬಿಟ್ಟು ಕಿವಿ-ಮೂಗು-ಗಂಟಲಿನ ಡಾಕ್ಟರ ಹತ್ತಿರ ಹೋದೆ. ಹೆಂಗಸು. ಅಪೇಕ್ಷಾ ಅಂತ ಹೆಸರು. ನನ್ನ ಲೈಸೆನ್ಸಿಗಿಂತ ಚಿಕ್ಕ ವಯಸ್ಸು.

ಎಲ್ಲಿ ನೋವು ಎಂದಳು. ಬೆರಳಿಟ್ಟೆ. ಅವಳೂ ಅಲ್ಲೇ ಒತ್ತಿದಳು. ಕುರ್ಚಿ ಬಿಟ್ಟು ಎದ್ದೆ. ಕೂರಿ ಎಂದಳು. ಕಣ್ಣು ಮೇಲೆ ಕೆಳಗೆ ಆಡಿಸಿ ನೋಡಿದಳು, ಗುಡ್ಡೆ ಮುಂದೆ ಬಂದಿಲ್ಲ, ಒಳ್ಳೇದು ಎಂದಳು. ಮೂಗಿನೊಳಗೆ ತೆಳ್ಳನೆ ಕ್ಯಾಮೆರಾ ಬಿಟ್ಟಳು. ಪಕ್ಕದಲ್ಲೇ ಎಕ್ಸ್‌ರೇ.

ಫಿಲಂ ಲೈಟಿಗೆ ಹಿಡಿದಳು. ಬಲ ಹುಬ್ಬಿನ ಹಿಂದೆ ಕಪ್ಪು. ಎಡ ಹುಬ್ಬಿನ ಹಿಂದೆ ಕಪ್ಪಿನ ನಡುವೆ ಒಂದು ಬಿಳಿ ಚುಕ್ಕೆ. ಎಂತದ್ದು ಎಂದು ಕೇಳಿದೆ. ಎಕ್ಸ್‌ರೇಯಲ್ಲಿ ಒಂದರ ಮೇಲೊಂದು ನೆರಳು ಬಿದ್ದಿರುತ್ತದೆ, ಸಿ.ಟಿ. ಸ್ಕ್ಯಾನ್ ಮಾಡದೆ ಹೇಳುವುದಿಲ್ಲ ಎಂದಳು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳುವ ಡಾಕ್ಟರ್ ಇದೇ ಮೊದಲು ನೋಡಿದ್ದು.

ಚುಕ್ಕೆ ಇದೆ. ಕಣ್ಣಾರೆ ನೋಡಿದೆ. ಎರಡು ಇಡ್ಲಿ ತಿಂದು ಗಾಡಿ ಹತ್ತಿದೆ.

23 ಫೆಬ್ರವರಿ, ಶುಕ್ರವಾರ

ಸ್ಕ್ಯಾನ್ ಆಯಿತು. ಮಲಗಿಸಿ ದೊಡ್ಡ ಟೈರಿನಂಥ ಬಳೆಯೊಳಗೆ ತಲೆ ತಳ್ಳಿದರು. ಅಲುಗಬೇಡಿ, ಉಗುಳು ನುಂಗಬೇಡಿ. ಸುಯ್ ಅಂತ ತಿರುಗಿತು. ಬೇರಿಂಗ್ ಒಳ್ಳೆಯದು, ಒಂದು ಚೂರು ಸದ್ದಿಲ್ಲ. ಐದು ನಿಮಿಷಕ್ಕೆ ಮುಗಿಯಿತು. ಸೋಮವಾರ ರಿಪೋರ್ಟ್.

26 ಫೆಬ್ರವರಿ, ಸೋಮವಾರ

ಸರೋಜಳೂ ಬಂದಿದ್ದಳು. ಬೇಡ ಎಂದರೂ ತೀರ್ಥಹಳ್ಳಿಯಲ್ಲಿ ನನ್ನ ಬಸ್ಸೇ ಹತ್ತಿದಳು.

ಡಾಕ್ಟರ್ ಕಂಪ್ಯೂಟರ್ ತಿರುಗಿಸಿ ತೋರಿಸಿದಳು. ತಲೆಯನ್ನು ಬ್ರೆಡ್ಡಿನ ಹಾಗೆ ಹೋಳು ಹೋಳು ಮಾಡಿದ ಚಿತ್ರ. ಕಪ್ಪು ಅಂದರೆ ಗಾಳಿ. ಬೂದಿ ಬಣ್ಣ ಮಾಂಸ. ಬಿಳಿ ಮೂಳೆ. ಹುಬ್ಬಿನ ಹಿಂದೆ ಎಲ್ಲರಿಗೂ ಒಂದು ಪೊಳ್ಳು ಇರುತ್ತದಂತೆ. ನನ್ನ ಎಡದ ಪೊಳ್ಳಿನಲ್ಲಿ ತಳಕ್ಕೆ ಅಂಟಿ ಒಂದು ಉಂಡೆ. ಅಕ್ಕಪಕ್ಕದ ಮೂಳೆಗಿಂತ ಬಿಳಿ. ಪಿಂಗಾಣಿ ಬಿಳಿ.

ಹದಿನಾಲ್ಕು ಮಿಲಿಮೀಟರ್.

ಹದಿನಾಲ್ಕರ ನಟ್ಟು! ಅದರ ಸ್ಪ್ಯಾನರ್ ನನ್ನ ಟೂಲ್ ಬಾಕ್ಸಿನಲ್ಲೇ ಇದೆ.

ಹೆಸರು ಆಸ್ಟಿಯೋಮಾ. ಮೂಳೆಯ ಗಡ್ಡೆ ಎಂದಳು. ಗಡ್ಡೆ ಎಂಬ ಮಾತಿಗೇ ಸರೋಜ ಸೆರಗು ಬಾಯಿಗಿಟ್ಟು ಅಳಲು ಶುರು. ಡಾಕ್ಟರ್ ಅವಳ ಕೈ ಹಿಡಿದಳು. "ಅಮ್ಮಾ, ಇದು ಕ್ಯಾನ್ಸರ್ ತರ ಕಾಣ್ತಿಲ್ಲ. ಅಂಚು ನೋಡಿ, ಎಷ್ಟು ನುಣ್ಣಗಿದೆ. ಪಕ್ಕದ ಮೂಳೆ ತಿಂದಿಲ್ಲ. ಇದು ಹರಡೋ ಜಾತಿ ಅಲ್ಲ. ಬೆಳೆದ್ರೂ ವರ್ಷಕ್ಕೆ ಒಂದು ಕೂದಲು ಎರಡು ಕೂದಲು."

ನನಗೆ ಅಳು ಇಲ್ಲ. ಹಬ್ಬ. ಒಳಗೆ ಸಾಮಾನು ಇದೆ ಎಂದಿದ್ದೆ, ಇದೆ. ತೆಗೆಯಿರಿ ಎಂದೆ.

ಅಲ್ಲೇ ತಗಾದೆ. ತೆಗೆಯುವುದು ಬೇಡವಂತೆ. ಇಂಥದ್ದು ಎಷ್ಟೋ ಜನರಿಗೆ ಇರುತ್ತದಂತೆ, ಸಾಯುವ ತನಕ ಗೊತ್ತೇ ಆಗುವುದಿಲ್ಲವಂತೆ, ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿದಾಗ ಸಿಗುವುದಂತೆ. ತಲೆನೋವಿಗೆ ನೂರು ಕಾರಣ. ಒಂದು ಕಡೆ ಮೆದುಳು, ಇನ್ನೊಂದು ಕಡೆ ಕಣ್ಣು, ಸುಮ್ಮನೆ ಅಲ್ಲಿ ಕೈ ಹಾಕುವುದು ತಪ್ಪು. ವರ್ಷ ಬಿಟ್ಟು ಇನ್ನೊಂದು ಸ್ಕ್ಯಾನ್ ಮಾಡಿ ನೋಡೋಣ.

"ಹಣೆ ಒಳಗೆ ನಟ್ಟು ಕೂತಿದೆ, ನೋವು ಇದರಿಂದ ಅಲ್ಲ ಅಂದ್ರೆ ಇನ್ನು ನನ್ನ ಅತ್ತೆಯಿಂದಲಾ?"

"ನೀವು ಬೈದ್ರೂ ಅಷ್ಟೇ ಯಜಮಾನ್ರೇ. ಇದರಿಂದಲೇ ಅನ್ನೋದಕ್ಕೆ ನನ್ನ ಹತ್ರ ಸಾಕ್ಷಿ ಇಲ್ಲ."

ಬಾಗಿಲು ಜೋರಾಗಿ ಹಾಕಿ ಬಂದೆ.

ವರ್ಷ ಬಿಟ್ಟು! ಅಷ್ಟರಲ್ಲಿ ನಾನು ಹೆದರುಪುಕ್ಕ ಎಂದು ಊರಿಗೆಲ್ಲ ಖಾಯಂ ಆಗಿರುತ್ತದೆ. ಹುಲಿಕಲ್‌ನ ಆ ಕಡೆ ನನ್ನ ಗಾಡಿ ಇಳಿಯುವುದಿಲ್ಲ.

ಸರೋಜ ತೀರ್ಥಹಳ್ಳಿ ತನಕ ನನ್ನ ಹಿಂದಿನ ಸೀಟಿನಲ್ಲೇ ಬಂದಳು. ಇಳಿಯುವಾಗ ಹೇಳಿದಳು, "ಸಾಕ್ಷಿ ಇಲ್ಲ ಅಂದ್ರು ಅವರು. ನೀವು ದಿನಾ ಗೀಚ್ತೀರಲ್ಲ, ಅದೆಂತಕ್ಕೆ ಮತ್ತೆ? ಗೆದ್ದಲಿಗಾ?"

27 ಫೆಬ್ರವರಿ, ಮಂಗಳವಾರ

ನಲವತ್ತನೇ ಬುಕ್ಕು, ನಲವತ್ತೊಂದನೇ ಬುಕ್ಕು, ಎರಡನ್ನೂ ಡಾಕ್ಟರ ಟೇಬಲ್ ಮೇಲೆ ಹಾಕಿದೆ. ಸಾಕ್ಷಿ ಎಂದೆ.

ಗ್ರೀಸ್ ಹತ್ತಿದ ಬುಕ್ಕು. ಮುಖ ಸಿಂಡರಿಸಲಿಲ್ಲ. ನವರಾತ್ರಿಯಿಂದ ಒಂದೊಂದೇ ಹಾಳೆ ತಿರುವಿದಳು. ಯಾರು ಬರೆದಿದ್ದು ಎಂದು ಕೇಳಿದಳು. ನಾನೇ ಎಂದೆ. ಅಕ್ಷರ ತಿಳಿಯದಿದ್ದರೆ ಓದಿ ಹೇಳುತ್ತೇನೆ ಎಂದೆ. ಬೇಡ ಎಂದು ಕೈ ಮಾಡಿ ಪೆನ್ಸಿಲ್ ತೆಗೆದುಕೊಂಡಳು. ಹೊರಗೆ ಪೇಷೆಂಟ್ ಕಾಯುತ್ತಿದ್ದರು. ನರ್ಸ್ ಎರಡು ಸಲ ಇಣುಕಿದಳು.

ಗೀಟು ಹಾಕಿ ಎಣಿಸಿದಳು. ಘಟ್ಟ ಇಳಿದದ್ದು ಎಪ್ಪತ್ತೊಂದು ಸಲ. ನೋವು ಅರವತ್ತಾರು ಸಲ. ಹತ್ತಿದ್ದು ಎಪ್ಪತ್ತೊಂದು. ನೋವು ಸೊನ್ನೆ. ಶೀತ ಎಂದು ಬರೆದ ದಿನವೆಲ್ಲ ಒಂದು ತಿರುವು ಮೊದಲೇ.

ಪೆನ್ಸಿಲ್ ಕೆಳಗಿಟ್ಟಳು.

"ಯಜಮಾನ್ರೇ, ಘಟ್ಟ ಇಳಿವಾಗ ಕಿವಿ ಕಟ್ತದಲ್ಲ, ಯಾಕೆ?"

ಕೆಳಗೆ ಗಾಳಿ ದಪ್ಪ ಎಂದೆ. ಅದೇ ಎಂದಳು. ಕೆಳಗೆ ಹೋದ ಹಾಗೆ ಹೊರಗಿನ ಗಾಳಿಯ ಒತ್ತಡ ಹೆಚ್ಚು. ಹುಬ್ಬಿನ ಪೊಳ್ಳಿಗೂ ಮೂಗಿಗೂ ಒಂದು ಸಣ್ಣ ದಾರಿ ಇದೆ, ಅದರಲ್ಲಿ ಗಾಳಿ ಒಳಗೆ ಹೋಗಿ ಸಮ ಆಗಬೇಕು. ನನ್ನ ನಟ್ಟು ಸರಿಯಾಗಿ ಆ ದಾರಿಯ ಬಾಯಿಗೇ ಕೂತಿದೆ. ಗಾಳಿ ಹೋಗುವುದಿಲ್ಲ, ಒಳಗೆ ಎಳೆತ. ಹತ್ತುವಾಗ ಒಳಗಿನ ಗಾಳಿ ಹೇಗೋ ಹೊರಗೆ ನುಸುಳುತ್ತದೆ, ನೋವಿಲ್ಲ. ಶೀತ ಆದರೆ ದಾರಿ ಇನ್ನೂ ಬಾತುಕೊಳ್ಳುತ್ತದೆ.

ಅರೆ, ಇದು ವಾಲ್ವ್ ಜಾಮ್ ಕಂಪ್ಲೇಂಟ್ ಎಂದೆ. ಬ್ರೇಕಿನ ಏರ್ ಟ್ಯಾಂಕು, ಅದರ ವಾಲ್ವು, ಕಸ ಕಟ್ಟಿದರೆ ಒಂದು ಕಡೆ ಬಿಡುತ್ತದೆ ಒಂದು ಕಡೆ ಬಿಡುವುದಿಲ್ಲ. ಅವರ ಚೀಟಿ ಹಿಂದೆಯೇ ಬರೆದು ತೋರಿಸಿದೆ. ಚಿತ್ರ ಇಟ್ಟುಕೊಂಡರು.

"ನಿನ್ನೆ ಹೇಳಿದ್ದನ್ನ ವಾಪಸ್ ತಗೋತೀನಿ. ಸ್ಕ್ಯಾನಲ್ಲಿ ಗಡ್ಡೆ ಕಾಣ್ತದೆ, ನೋವು ಕಾಣಲ್ಲ. ಅದು ನಿಮ್ಮ ಬುಕ್ಕಲ್ಲಿತ್ತು."

ಐದನೇ ಕ್ಲಾಸು ನಾನು. ಇಡೀ ಗೋಡೆ ತುಂಬ ಸರ್ಟಿಫಿಕೇಟ್ ಅವರು. ಇನ್ನು ಮೇಲೆ ಡಾಕ್ಟ್ರಮ್ಮ ಎಂದೇ ಬರೆಯುತ್ತೇನೆ.

ಒಂದು ಪರೀಕ್ಷೆ ಬಾಕಿ ಇದೆಯಂತೆ. ಮೂಗಿಗೆ ಬಿಡುವ ಸ್ಪ್ರೇ ಕೊಟ್ಟಿದ್ದಾರೆ. ಒಂದು ಸಲ ಅದಿಲ್ಲದೆ, ಒಂದು ಸಲ ಅದು ಹಾಕಿಕೊಂಡು ಘಟ್ಟ ಇಳಿಯಬೇಕು. ಪ್ಯಾಸೆಂಜರ್ ಆಗಿ. ಬರೆಯುವುದು ಬೇರೆಯವರು.

5 ಮಾರ್ಚ್, ಮಂಗಳವಾರ

ಎರಡೂ ಸಲ ಇಳಿದೆ. ಶನಿವಾರ ಸ್ಪ್ರೇ ಇಲ್ಲದೆ, ಇವತ್ತು ಸ್ಪ್ರೇ ಹಾಕಿಕೊಂಡು. ನನ್ನ ಹಳೇ ಬಸ್ಸು, ಡ್ರೈವರ್ ಬೇರೆ. ಲೈನರ್ ಇನ್ನೂ ಕಿರ್ ಅನ್ನುತ್ತಿದೆ.

ಹೂವಯ್ಯ ತನ್ನದೇ ಒಂದು ಬುದ್ಧಿ ಓಡಿಸಿದ. ಯಾವ ತಿರುವು ಎಂದು ನಾನು ನೋಡಬಾರದು, ನೋಡಿದರೆ ಹೆದರಿಕೆ ಎನ್ನುತ್ತಾರೆ. ಹುಲಿಕಲ್‌ನಲ್ಲೇ ನನ್ನ ಕಣ್ಣಿಗೆ ಟವೆಲ್ ಕಟ್ಟಿದ. ಗುಡಿ ಎಂದೂ ಹೇಳಲಿಲ್ಲ. ಪಕ್ಕದ ಮುದುಕಿ, ಇವರನ್ನು ಎಲ್ಲಿಗೆ ಹಿಡಿದುಕೊಂಡು ಹೋಗುತ್ತಿದ್ದೀರಿ ಎಂದು ಕೇಳಿದಳು. ಪೊಲೀಸ್ ಕೇಸು ಎಂದ ಹೂವಯ್ಯ.

ಮೂವತ್ತೊಂದು ವರ್ಷದ ರೋಡು, ಟವೆಲ್ ಕಟ್ಟಿದರೆ ತಿರುವು ಮರೆಯುತ್ತದಾ? ಮೈಗೆ ಎಲ್ಲ ಗೊತ್ತು. ಆದರೂ ಕಣ್ಣು ಮುಚ್ಚಿ ಕೂತೆ, ಬೇಕೆಂದೇ ಮೊಮ್ಮಗಳ ನಾಮಕರಣ ನೆನೆಸಿಕೊಂಡೆ. ಬಂದಾಗ ಬಂತು ಎಂದೆ, ಅಷ್ಟೆ.

ಹೂವಯ್ಯನ ಅಕ್ಷರದಲ್ಲಿ ಹಿಂದಿನ ಹಾಳೆಯಲ್ಲಿದೆ. ಶನಿವಾರ, ಎರಡನೇ ಹೇರ್‌ಪಿನ್, ಹಲ್ಲು ಕಚ್ಚಿದರು. ಇವತ್ತು, ಏಳನೇ ತಿರುವು, ಸ್ವಲ್ಪ, ನಾನು ಕೇಳಿದ ಮೇಲೆ ಹೇಳಿದರು.

ಹೊಸಂಗಡಿಯಲ್ಲಿ ಟವೆಲ್ ಬಿಚ್ಚಿದ. ಬುಕ್ಕು ನೋಡಿದ, ನನ್ನ ಮುಖ ನೋಡಿದ. "ಇಷ್ಟು ದಿನ ಅಮ್ಮನ ಮೇಲೆ ಸುಮ್ನೆ ಹೇಳಿದ್ವಲ್ಲ ಶೇಷಪ್ಪಣ್ಣ. ಈಗ ನಾವೇ ತಪ್ಪು ಕಾಣಿಕೆ ಹಾಕ್ಬೇಕು" ಎಂದ.

11 ಮಾರ್ಚ್, ಸೋಮವಾರ

ಡಾಕ್ಟ್ರಮ್ಮ ಕಾಗದ ಬರೆದು ಕೊಟ್ಟರು. ಘಟ್ಟದ ಕೆಳಗಿನ ದೊಡ್ಡಾಸ್ಪತ್ರೆಗೆ. ಹಣೆ ಕೊಯ್ಯುವುದಿಲ್ಲ, ಮೂಗಿನ ದಾರಿಯಲ್ಲೇ ಹೋಗಿ ಸಣ್ಣ ಡ್ರಿಲ್ಲಿನಲ್ಲಿ ಕೊರೆದು ಚೂರು ಮಾಡಿ ತೆಗೆಯುವುದಂತೆ. ಏನೇನು ಎಡವಟ್ಟಾಗಬಹುದು ಎಂದು ಮುಚ್ಚಿಡದೆ ಹೇಳಿದರು. ಕಣ್ಣು. ಮೆದುಳಿನ ನೀರು. ನೂರರಲ್ಲಿ ಒಬ್ಬಿಬ್ಬರಿಗೆ.

ಸರೋಜ ಒಂದೇ ಕೇಳಿದಳು, ಇವರು ಬಸ್ಸು ಬಿಟ್ಟು ಮನೆಯಲ್ಲಿ ಕೂತರೆ ಆಪರೇಷನ್ ಬೇಡವಾ ಅಂತ.

ಬೇಡದೆಯೂ ಇರಬಹುದು ಎಂದರು ಡಾಕ್ಟ್ರಮ್ಮ. ನಿರ್ಧಾರ ನಿಮ್ಮದು ಎಂದರು.

ಸರೋಜ ನನ್ನ ಕಡೆ ನೋಡಿದಳು. "ಮನೇಲಿ ಕೂತ್ರೆ ನನಗೆ ತಲೆನೋವು ಬರ್ತದೆ ಡಾಕ್ಟ್ರೇ. ತೆಗೆಸಿ" ಎಂದಳು.

24 ಏಪ್ರಿಲ್, ಬುಧವಾರ. ಆಸ್ಪತ್ರೆ, ಮಧ್ಯಾಹ್ನ 3:00

ನಾಳೆ ಬೆಳಿಗ್ಗೆ ಆಪರೇಷನ್. ಆಗುಂಬೆ ಮೇಲೆ ಹೋಗುವ ಬಸ್ಸಿದೆ ಎಂದಳು ಸರೋಜ. ಹುಲಿಕಲ್ ಮೇಲೇ ಬಂದೆ. ಸ್ಪ್ರೇ ಹಾಕಿಕೊಳ್ಳಲಿಲ್ಲ. ಎರಡನೇ ಹೇರ್‌ಪಿನ್ನಿನಲ್ಲಿ ಬಂತು. ಬಾ ಮಗನೇ, ಇದೇ ಕೊನೆ ಎಂದೆ.

ಸಹಿ ಹಾಕು ಎಂದು ನಾಲ್ಕು ಹಾಳೆ ಕೊಟ್ಟರು. ಎಲ್ಲ ಓದಿಸಿಕೊಂಡು ಹಾಕಿದೆ. ನರ್ಸಿಗೆ ಬೇಜಾರು ಬಂತು. ಬರಲಿ.

ಹೆದರಿಕೆ ಇದೆ. ಇದು ಹೆದರಿಕೆ. ಘಟ್ಟದಲ್ಲಿ ಇದ್ದದ್ದು ಇದಲ್ಲ. ಎರಡಕ್ಕೂ ವ್ಯತ್ಯಾಸ ಈಗ ಗೊತ್ತಾಯಿತು...

3 ಮೇ, ಶುಕ್ರವಾರ

ಕಣ್ಣು ಎರಡೂ ಕಾಣುತ್ತದೆ. ಸರೋಜ ಒಬ್ಬಳೇ ಕಾಣುತ್ತಾಳೆ, ಎರಡು ಕಂಡಿದ್ದರೆ ಕಷ್ಟ ಇತ್ತು. ಹೇಳಿದೆ. ನಕ್ಕಳು. ಹತ್ತು ದಿನದಲ್ಲಿ ಮೊದಲ ಸಲ.

ಬಗ್ಗಬಾರದು, ಮೂಗು ಸೀನಬಾರದು, ಭಾರ ಎತ್ತಬಾರದು, ಸಿಟ್ಟು ಮಾಡಬಾರದು. ಕೊನೆಯದು ಡಾಕ್ಟರ್ ಹೇಳಿದ್ದಲ್ಲ, ಇವಳು ಸೇರಿಸಿದ್ದು.

10 ಜೂನ್, ಸೋಮವಾರ

ಸಾಗರಕ್ಕೆ ಹೋಗಿ ಡಾಕ್ಟ್ರಮ್ಮನಿಗೆ ತೋರಿಸಿದೆ. ಲ್ಯಾಬ್ ರಿಪೋರ್ಟ್ ಬಂದಿದೆ. ಬರೀ ಮೂಳೆ. ಕ್ಯಾನ್ಸರ್ ಇಲ್ಲ. ಸರೋಜ ಕಂಪ್ಯೂಟರಿಗೇ ಕೈ ಮುಗಿದಳು.

ಹೊಸ ಸ್ಕ್ಯಾನು, ಹಳೇ ಸ್ಕ್ಯಾನು ಪಕ್ಕ ಪಕ್ಕ ಇಟ್ಟರು. ಹಳೆಯದರಲ್ಲಿ ನಟ್ಟು. ಹೊಸದರಲ್ಲಿ ಕಪ್ಪು. ಎರಡೂ ಹುಬ್ಬು ಒಂದೇ ಸಮ ಕಪ್ಪು. ಮೂಗಿಗೆ ಇಳಿಯುವ ದಾರಿ ಎಡಕ್ಕೂ ತೆರೆದಿದೆ, ಕಪ್ಪು ಗೆರೆ. ಜೀವಮಾನದಲ್ಲಿ ಕತ್ತಲೆ ಇಷ್ಟು ಚೆಂದ ಕಂಡಿದ್ದಿಲ್ಲ.

ನಟ್ಟು ಎಲ್ಲಿ ಎಂದು ಕೇಳಿದೆ. ಚೂರು ಚೂರಾಗಿ ಲ್ಯಾಬಿಗೆ ಹೋಯಿತಂತೆ. ಒಂದು ಚೂರಾದರೂ ಕೊಡಬೇಕಿತ್ತು, ಸ್ಟ್ಯಾಂಡಿನಲ್ಲಿ ಕೆಲವರ ಕೈಗೆ ಕೊಡುವುದಿತ್ತು.

ಇನ್ನೆರಡು ತಿಂಗಳು ತಡೆಯಿರಿ, ಆಮೇಲೆ ಫಿಟ್ ಎಂದು ಬರೆದು ಕೊಡುತ್ತೇನೆ ಎಂದರು. ಏಳುವಾಗ, ಆ ಎರಡು ಬುಕ್ಕಿನ ಹಾಳೆ ಫೋಟೋ ತೆಗೆದುಕೊಳ್ಳಲಾ, ಕಲಿಯುವ ಮಕ್ಕಳಿಗೆ ತೋರಿಸಬೇಕು ಎಂದು ಕೇಳಿದರು. ತಪ್ಪು ಅಕ್ಷರ ಇದ್ದರೆ ತಿದ್ದಬೇಡಿ ಎಂದೆ.

12 ಆಗಸ್ಟ್, ಸೋಮವಾರ

ರವೀಶನ ಟೇಬಲ್. ಫಿಟ್ ಸರ್ಟಿಫಿಕೇಟ್ ಇಟ್ಟೆ. ಅದರ ಮೇಲೆ ಎರಡೂ ಸ್ಕ್ಯಾನ್ ಇಟ್ಟೆ. ಅದರ ಮೇಲೆ ಬುಕ್ಕು. ಕೈ ಚಾಚಲಿಲ್ಲ. ಈ ಸಲ ಅವನೇ ಮೊಬೈಲ್ ಆ ಕಡೆ ತಳ್ಳಿ ನೋಡಿದ.

ಡಾಕ್ಟ್ರಮ್ಮ ಫೋನ್ ಮಾಡಿ ಅರ್ಧ ಗಂಟೆ ಮಾತಾಡಿದ್ದರಂತೆ. ನನಗೆ ಹೇಳಿರಲಿಲ್ಲ.

"ಅಪ್ಪನ ಕಾಲದ ಬುಕ್ಕು ಅಂತ ನಗಾಡ್ತಿದ್ದೆ ಶೇಷಪ್ಪಣ್ಣ. ಹೆದರಿಕೆ ಅಂದಿದ್ದು ನನ್ನ ತಪ್ಪು. ಮಾತು ಊರಿಗೆಲ್ಲ ಹರಡ್ತು, ಎಲ್ಲರೆದುರೂ ಹೇಳ್ತೀನಿ."

ಹೊರಗೆ ಬಂದು ಸ್ಟ್ಯಾಂಡಿನಲ್ಲೇ ಹೇಳಿದ. ಸ್ಪೀಡ್ ಬ್ರೇಕರ್ ಎಂದಿದ್ದವನೂ ಅಲ್ಲೇ ಇದ್ದ. ಟೈರ್ ನೋಡುತ್ತ ಬಗ್ಗಿಕೊಂಡ. ನಾನು ಏನೂ ಅನ್ನಲಿಲ್ಲ. ಅನ್ನದೆ ಇರುವುದು ಇಷ್ಟು ಖುಷಿ ಎಂದು ಗೊತ್ತಿರಲಿಲ್ಲ.

ಉಳಿದ ಡ್ರೈವರಿಗೂ ಬುಕ್ಕು ಕೊಡಿಸೋಣವಾ ಎಂದು ಕೇಳಿದ ರವೀಶ. ಮೊದಲು ಲೈನರ್ ಹಾಕಿಸು, ಜನವರಿಯಿಂದ ಬರೆದಿದ್ದೇನೆ ಎಂದೆ.

22 ಆಗಸ್ಟ್, ಗುರುವಾರ. ಹೊಸಂಗಡಿ, ಬೆಳಿಗ್ಗೆ 8:58

ಐದು ನಿಮಿಷ ಇದೆ. ಇಲ್ಲೇ ಬರೆಯುತ್ತೇನೆ.

ತೀರ್ಥಹಳ್ಳಿ ಬಿಟ್ಟಿದ್ದು 6:40. ಸರೋಜ ಮುಂದಿನ ಸೀಟು. ಇಷ್ಟು ವರ್ಷದಲ್ಲಿ ನನ್ನ ಗಾಡಿಯಲ್ಲಿ ಘಟ್ಟ ಇಳಿದಿದ್ದು ಇದೇ ಮೊದಲು. ಮಡಿಲಲ್ಲಿ ಮುಡಿಪು, ಕಾಯಿ. ಗುಡಿಯಲ್ಲಿ ಒಪ್ಪಿಸಿ ಬಂದಳು. ಅಮ್ಮ ಅಲ್ಲ ಎಂದು ಬುಕ್ಕಿನಲ್ಲೇ ಇದೆಯಲ್ಲ ಎಂದೆ. "ಡಾಕ್ಟ್ರಮ್ಮನ್ನ ಸಾಗರದಲ್ಲಿ ಇಟ್ಟಿದ್ದು ಯಾರು?" ಎಂದಳು. ಇವಳ ಹತ್ತಿರ ಯಾವ ಬುಕ್ಕೂ ನಡೆಯುವುದಿಲ್ಲ.

ಹೂವಯ್ಯ ಕುಂಕುಮ ತಂದ. ಸ್ಟೇರಿಂಗಿಗೆ ಹಚ್ಚಿದ. ನನ್ನ ಹತ್ತಿರ ಬಂದು ಕೈ ಹಿಂದೆ ತೆಗೆದ. ಒತ್ತು ಎಂದೆ. ಮೆಲ್ಲಗೆ ಮುಟ್ಟಿದ. ಸರಿಯಾಗಿ ಒತ್ತು, ಎಡಕ್ಕೆ ಎಂದೆ. ಜನವರಿಯ ಸಿಟ್ಟೆಲ್ಲ ಸೇರಿಸಿ ಒತ್ತಿದ. ಹೆಬ್ಬೆರಳು ಒತ್ತಿದ್ದು ಗೊತ್ತಾಯಿತು. ಹೆಬ್ಬೆರಳು ಮಾತ್ರ.

ಎರಡನೇ ಗೇರು. ಮೊದಲನೇ ತಿರುವು. ಗಾಡಿಯಲ್ಲಿ ಯಾರಿಗೂ ಏನೂ ಗೊತ್ತಿಲ್ಲ, ಅವರವರ ಮಾತು ಅವರವರಿಗೆ. ಸರೋಜ ಮಾತ್ರ ರೋಡು ನೋಡುತ್ತಿರಲಿಲ್ಲ, ನನ್ನ ಹುಬ್ಬು ನೋಡುತ್ತಿದ್ದಳು. ಕಿವಿ ಕಟ್ಟಿತು, ಬಿಟ್ಟಿತು. ಎರಡನೆಯದಕ್ಕೆ ಸ್ಟೇರಿಂಗ್ ಪೂರ್ತಿ ಎಳೆದೆ. ಎದುರಿಗೆ ಲಾರಿ. ಒಂದೇ ಲಾರಿ.

ಹೂವಯ್ಯ ಸೀಟಿ ಊದುತ್ತಿದ್ದಾನೆ. ಬೇಗ ಬರೆಯಬೇಕು.

ಗಾಡಿ — ಹೊಸ ಲೈನರ್. ಸದ್ದಿಲ್ಲ.

ಡ್ರೈವರ್ — ಜಾಗ: ಅಮ್ಮನ ಗುಡಿ ದಾಟಿ ಎರಡನೇ ಹೇರ್‌ಪಿನ್. ಹೊತ್ತು: 8:29. ಕಂಪ್ಲೇಂಟ್: ಇಲ್ಲ.